ಹಿಂದಿನಿಂದ ನೂಕುವವರ ಊರಿನಲ್ಲಿ

ಶಿಕಾಗೋ ವಿಮಾನ ನಿಲ್ದಾಣ

ಪರದೇಶಕ್ಕೆ ಕರೆಯುವವರು ಸಾಮಾನ್ಯವಾಗಿ ಬೆಚ್ಚಗಿನ ಬಟ್ಟೆ ತಾ, ಉಪ್ಪಿನಕಾಯಿ ತಾ ಎನ್ನುತ್ತಾರೆ. ಸುಮಂಗಲಾ ಫೋನಿನಲ್ಲಿ ಹೇಳಿದ್ದು, "ನಿನ್ನ ಅಂಪೈರ್ ಕೋಟು ಮರೀದ ತಗೊಂಡ್ ಬಾ" ಎಂದು. ಅಂದೇ ನನಗೆ ಸಂಶಯ ಬಂತು. ಟಿಕೆಟ್ಟನ್ನೂ ಅವಳೇ ಕಳಿಸಿದಾಗ ಸಂಶಯ ಗಟ್ಟಿಯಾಯಿತು.

ಸುಮಂಗಲಾ ಕುಂದಗೋಳ ತಾಲೂಕಿನ ಕುಬಿಹಾಳದವಳು, ನಾನು ನವಲಗುಂದ ತಾಲೂಕಿನ ಮೊರಬದವಳು. ಧಾರವಾಡದಲ್ಲಿ ಓದುವಾಗ ಇಬ್ಬರೂ ಒಂದೇ ಕಬಡ್ಡಿ ತಂಡದಲ್ಲಿ ಆಡಿದವರು. ಅವಳು ಮೂಲೆಯಲ್ಲಿ ನಿಂತು ಎದುರಾಳಿಯ ಪಾದ ಹಿಡಿಯುತ್ತಿದ್ದಳು, ನಾನು ಎದುರಿನವರ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುತ್ತಿದ್ದೆ. ಆಮೇಲೆ ಅವಳು ಫಿಜಿಯೋಥೆರಪಿ ಓದಿ ಅಮೆರಿಕಕ್ಕೆ ಹೋದಳು. ಭುಜ ನೋವೆಂದು ಬಂದ ಡ್ಯಾನ್ ಎಂಬವನ ಭುಜ ತಿಕ್ಕಿ ತಿಕ್ಕಿ ಕೊನೆಗೆ ಅವನನ್ನೇ ಮದುವೆಯಾದಳು. ನಾನು ನಮ್ಮ ತಾಲೂಕಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾದೆ, ರಜೆಯ ದಿನಗಳಲ್ಲಿ ಕಬಡ್ಡಿ ಪಂದ್ಯಗಳಿಗೆ ಅಂಪೈರ್ ಆದೆ.

ಅಂಪೈರ್ ಆದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎಲ್ಲರೂ ಗೆರೆ ತುಳಿದಿದ್ದಾರೆ ಎಂದೇ ಮೊದಲು ಅನಿಸುತ್ತದೆ, ತುಳಿದಿಲ್ಲ ಎಂದು ಅವರೇ ತೋರಿಸಿಕೊಡಬೇಕು. "ಗಂಗಕ್ಕೋರು ಪ್ರಸಾದ ಕೊಟ್ರೂ ಮೂಸಿ ನೋಡ್ತಾರ" ಎಂದು ನಮ್ಮ ಹೆಡ್‌ಮಾಸ್ತರರು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಿದ್ದರು. ಮೂಸಿ ನೋಡುವುದರಲ್ಲಿ ತಪ್ಪೇನೆಂದು ನನಗೆ ಇಂದಿಗೂ ತಿಳಿದಿಲ್ಲ.

ಶಿಕಾಗೋದಲ್ಲಿ ನನ್ನನ್ನೇ ಮೂಸಿ ನೋಡುವವರು ಸಿಕ್ಕರು. ಒಂದು ನಾಯಿ ನನ್ನ ಚೀಲದ ಪಕ್ಕ ಕುಳಿತುಬಿಟ್ಟಿತು. ಅಧಿಕಾರಿಯೊಬ್ಬ ಬಂದು ಚೀಲ ಬಿಚ್ಚಿಸಿದ. ಮೇಲೆಯೇ ಗುರೆಳ್ಳು ಹಿಂಡಿ, ಅಂದರೆ ನಮ್ಮ ಚಟ್ನಿಪುಡಿ, ಕರ್ರಗೆ. ಇದೇನು ಎಂದು ಕೇಳಿದ. "ಪೌಡರ್" ಎಂದೆ. ವಿಮಾನ ನಿಲ್ದಾಣದಲ್ಲಿ ಆಡಬಾರದ ಮಾತು ಅದೊಂದೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವನು ಮೂಸಿದ, ಸೀನಿದ, ಮತ್ತೆ ಮೂಸಿದ. ಆಮೇಲೆ ಪದಕ, ಬ್ಯಾಡ್ಜು ಹೊಲಿದ ನನ್ನ ಕೋಟು ಅವನ ಕೈಗೆ ಸಿಕ್ಕಿತು.

"ಪೊಲೀಸ?"

"ಅಲ್ಲ, ಕಬಡ್ಡಿ."

ಅದು ಯಾವ ಇಲಾಖೆ ಎಂದು ಅವನಿಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ನನ್ನನ್ನು ನೋಡಿ, ನಕ್ಕು, ಹೋಗಿ ಬನ್ನಿ ಎಂದ. ಹಿಂಡಿಯನ್ನೂ ವಾಪಸ್ಸು ಕೊಟ್ಟ. ಅಷ್ಟು ಸುಲಭವಾಗಿ ಬಿಟ್ಟದ್ದೇಕೆ ಎಂದು ಹೊರಗೆ ಬರುವವರೆಗೂ ಹಿಂತಿರುಗಿ ನೋಡುತ್ತಿದ್ದೆ.

ಸುಮಂಗಲಾಳ ಅಡುಗೆಮನೆ

ಶಿಕಾಗೋದಿಂದ ಅದೇ ಇಲಿನಾಯ್ ರಾಜ್ಯದ ಅವರ ಊರಿಗೆ ಬರುವ ದಾರಿಯುದ್ದಕ್ಕೂ ಗೋವಿನಜೋಳ, ಗೋವಿನಜೋಳ, ಮತ್ತೆ ಗೋವಿನಜೋಳ. ಕಟಾವು ಆದಲ್ಲಿ ಮಣ್ಣು ನಮ್ಮ ಎರೆಭೂಮಿಯಷ್ಟೇ ಕಪ್ಪು. ಇಷ್ಟು ದೂರ ಬಂದು ಮೊರಬದ ಮಣ್ಣನ್ನೇ ನೋಡಬೇಕಾಯಿತಲ್ಲ ಎಂದುಕೊಂಡೆ. ಆದರೆ ಹೊಲದಲ್ಲಿ ಮನುಷ್ಯರೇ ಇರಲಿಲ್ಲ. ಒಂದು ದೊಡ್ಡ ಯಂತ್ರ ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇದನ್ನು ಓದುವುದಿಲ್ಲ ನಿಜ, ಆದರೆ ಜಗಳ ಅವರ ಮನೆಯೊಳಗಿನದು.

ಡ್ಯಾನ್ ಬಾಗಿಲಲ್ಲೇ ನಿಂತಿದ್ದ. ಎರಡು ಗೊಬ್ಬರದ ಚೀಲ ಜೋಡಿಸಿಟ್ಟಂತಹ ಮೈ, ನಲವತ್ತು ದಾಟಿದ ವಯಸ್ಸು, ಕೂಸಿನಂತಹ ಮುಖ. ಕಾಳಿನ ಗೋದಾಮಿನಲ್ಲಿ ಕೆಲಸ. ಸುಮಂಗಲಾ ಕಲಿಸಿದ್ದಳೆಂದು ಕಾಣುತ್ತದೆ, ಕೈ ಜೋಡಿಸಿ "ಅಕ್ಕೋರ" ಎಂದ. ಅದೊಂದು ಮಾತು ಬಿಟ್ಟರೆ ಅವನದೂ ಉಳಿದವರದೂ ಎಲ್ಲವೂ ಇಂಗ್ಲಿಷೇ. ಅವರ ಮಾತನ್ನು ನಾನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಅದು ಬಿದ್ದದ್ದೇ ಹಾಗೆ.

ಮನೆಗೆ ಬೀಗವಿಲ್ಲ. ಇದ್ದರೂ ಹಾಕುವುದಿಲ್ಲವಂತೆ. ನಾನು ನನ್ನ ಕೋಣೆಯ ಬಾಗಿಲಿಗೆ ಸೂಟ್‌ಕೇಸನ್ನು ಒತ್ತಿಟ್ಟು ಮಲಗಿದೆ. ಬೀದಿಯಲ್ಲಿ ಗುರುತಿಲ್ಲದವರು ಕೂಡ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರ ಹೇಳುವಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತಾರೆ. ನಮ್ಮೂರಿನಲ್ಲಿ ಆರಾಮೇನ್ರಿ ಎಂದವರು ನಿಮ್ಮ ಮೊಣಕಾಲು ನೋವಿನ ಪೂರ್ತಿ ಕಥೆ ಕೇಳಿಕೊಂಡೇ ಹೋಗಬೇಕು. ಉತ್ತರ ಬೇಡವಾದವರು ಪ್ರಶ್ನೆ ಯಾಕೆ ಕೇಳುತ್ತಾರೆ?

ಮೊದಲ ದಿನ ಊಟಕ್ಕೆ ನಾನು ತಂದ ಖಡಕ್ ರೊಟ್ಟಿ ಬಡಿಸಿದಳು. ದಾರಿಯಲ್ಲಿ ಚೂರುಚೂರಾಗಿದ್ದವು. ಡ್ಯಾನ್ ಎಡಗೈಯಿಂದ ಒಂದು ಚೂರು ಎತ್ತಿ, ಎಡಗೈಯಿಂದಲೇ ಪಲ್ಯ ಬಳಿದು ಬಾಯಿಗೆ ಹಾಕಿದ. ನನಗೆ ತಡೆಯಲಾಗಲಿಲ್ಲ.

"ನಮ್ಮಲ್ಲಿ ಎಡಗೈಲೆ ಉಣ್ಣೂದಿಲ್ರಿ."

ಅವನ ಮುಖ ಕೆಂಪಾಯಿತು. ತಪ್ಪಾಯಿತು ಎಂದು ರೊಟ್ಟಿಯನ್ನು ಬಲಗೈಗೆ ತೆಗೆದುಕೊಂಡ. ಪಲ್ಯವೆಲ್ಲ ಅಂಗಿಯ ಮೇಲೆ ಬಿತ್ತು, ರೊಟ್ಟಿ ತಟ್ಟೆಗೆ ಬಿತ್ತು. ನಾನು ನಗಬೇಕೆನ್ನುವಷ್ಟರಲ್ಲಿ ಸುಮಂಗಲಾ ಸಿಡುಕಿದಳು. "ಉಣ್ಲಿ ಬಿಡ ಗಂಗೀ. ಹೆಂಗ ಬರತೈತಿ ಹಂಗ ಉಣ್ಲಿ."

ಗೆಳತಿಯ ಮೇಲೆ ಹಾಗೆ ಸಿಡುಕುವವಳಲ್ಲ ಅವಳು. ಮರುದಿನ ಬೆಳಿಗ್ಗೆ ಡ್ಯಾನ್ ಕೆಲಸಕ್ಕೆ ಹೋದ ಮೇಲೆ, ನಾನು ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೇಳಿದೆ. "ಏನ್ ಮುಚ್ಚಿಡಾಕತ್ತೀ ಸುಮೀ?"

"ಬಲಗೈ ಬೆರಳಿಗೆ ಜೋಮು ಹಿಡದೈತಿ ಅಂವಗ," ಎಂದಳು. ಗಂಡನನ್ನು ಏಕವಚನದಲ್ಲಿ ಕರೆಯುವುದನ್ನು ಅಮೆರಿಕ ಅವಳಿಗೆ ಕಲಿಸಿತ್ತು. "ಕುತ್ತಿಗ್ಯಾಗ ನರ ಒತ್ತಾಕತ್ತೈತಿ. ಇನ್ನೊಂದು ಜೋರ್ ಪೆಟ್ಟು ಬಿದ್ರ ಕೈನ ಹೋಗತೈತಿ ಅಂದಾರ ಡಾಕ್ಟರು."

"ಪೆಟ್ಟು ಎಲ್ಲಿಂದ ಬೀಳತೈತಿ?"

"ಆಟದಾಗ."

ಆ ಆಟವನ್ನು ನಮ್ಮವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಅದರಲ್ಲಿ ಹೆಚ್ಚು ಕೆಲಸವಿಲ್ಲ. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಎದುರಾಳಿಗಳ ಕಡೆಗೆ ಹತ್ತು ಗಜ ಮುಂದೆ ಹೋಗಬೇಕು, ಅದಕ್ಕೆ ನಾಲ್ಕು ಅವಕಾಶ. ಕೆಲವು ಸಲ ಕೊನೆಗೆ ಒಂದೇ ಒಂದು ಗಜ ಉಳಿದುಬಿಡುತ್ತದೆ. ಆಗ ಸಾಲಿನ ನಡುವಿನ ಆಳು ಬಗ್ಗಿ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿನವನಿಗೆ ಕೊಟ್ಟು, ತಾನು ತಲೆ ತಗ್ಗಿಸಿ ಎದುರಿನವರಿಗೆ ಡಿಕ್ಕಿ ಹೊಡೆಯುತ್ತಾನೆ. ಚೆಂಡು ಹಿಡಿದವನು ಅವನ ಬೆನ್ನಿಗೆ ಬೀಳುತ್ತಾನೆ. ಚೆಂಡು ಹಿಡಿದವನ ಹಿಂದೆ ನಿಂತವರು ಅವನ ಹಿಂಭಾಗಕ್ಕೆ ಕೈಯಿಟ್ಟು ನೂಕುತ್ತಾರೆ. ಇದಕ್ಕೆ ಅವರಿಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ಕುಂಡಿ ನೂಕು ಎಂದಾಗುತ್ತದೆ. ಬರೆಯಲು ನನಗೂ ಸಂಕೋಚ, ಆದರೆ ಟೀವಿಯಲ್ಲಿ ಕೋಟು ಟೈ ಹಾಕಿದವರೇ ಅದನ್ನು ಬಹಳ ಗಂಭೀರವಾಗಿ ಅನ್ನುತ್ತಾರೆ. ಇದನ್ನು ನಿಷೇಧಿಸಬೇಕೋ ಬೇಡವೋ ಎಂದು ಅವರ ದೊಡ್ಡ ದೊಡ್ಡ ತಂಡಗಳಲ್ಲೂ ಜಗಳವಿದೆಯಂತೆ.

ಜಗಳ ಈ ಸಣ್ಣ ಊರಿಗೂ ಬಂದಿತ್ತು. ಸುತ್ತಲಿನ ಆರು ಊರುಗಳಲ್ಲಿ ದೊಡ್ಡವರ ತಂಡಗಳಿವೆ. ರೈತರು, ಅಂಗಡಿಯವರು, ಡ್ರೈವರುಗಳು ವಾರವಿಡೀ ದುಡಿದು ಶನಿವಾರ ಆಡುತ್ತಾರೆ. ಈ ಊರಿನ ತಂಡದ ನಡುವಿನ ಆಳು ಡ್ಯಾನ್, ಕ್ಯಾಪ್ಟನ್ ಕೂಡ ಅವನೇ. ಓಟದಲ್ಲಿ ಇವರು ಹಿಂದೆ, ಎಸೆತದಲ್ಲೂ ಹಿಂದೆ. ಗೆಲ್ಲುವುದು ಆ ನೂಕಾಟವೊಂದರಿಂದಲೇ. ಮಂಗಳವಾರ ಆರೂ ತಂಡದವರು ಸೇರಿ ಅದನ್ನು ನಿಷೇಧಿಸುವ ಬಗ್ಗೆ ಮತ ಹಾಕುವವರಿದ್ದರು.

"ಬಿಡು ಅಂತ ಹೇಳಿಲ್ಲೇನು ಅವಗ?"

"ಹೇಳಿ ಹೇಳಿ ಸಾಕಾಗೇತಿ. ಈ ಹಂಗಾಮ ಮುಗೀಲಿ ಅಂತಾನ. ಹ್ವಾದ ವರ್ಷಾನೂ ಹಂಗ ಅಂದಿದ್ದ. ಆ ನೂಕೂದ ಬಂದ್ ಆದ್ರ ಅಂವಗಲ್ಲಿ ಕೆಲಸಾನ ಇರೂದಿಲ್ಲ. ತಾನ ಮನಿಗೆ ಬರ್ತಾನ."

"ಹಂಗಾರ ನೀನ ಸಭಾದಾಗ ಎದ್ದು ಹೇಳು."

"ಕೈ ಸುದ್ದಿ ಯಾರಿಗೂ ಹೇಳಂಗಿಲ್ಲ ಅಂತ ಆಣಿ ಹಾಕಿಸಿಕೊಂಡಾನ. ಅದನ್ನ ಬಿಟ್ಟು ಹೆಂಡ್ತಿ ಏನ್ ಹೇಳಿದ್ರ ಏನ್ ಕಿಮ್ಮತ್ತು? ನೀ ಹೊರಗಿನಾಕಿ. ಅಂಪೈರು. ಯಾರ ಕಡೇನೂ ಅಲ್ಲ. ನೀ ಸಭಾದಾಗ ಖರೇ ಹೇಳಿದ್ರ ಮಂದಿ ಕೇಳ್ತಾರ."

"ನಿನ್ನ ಕಡೇವಳಲ್ಲೇನು ನಾ?"

ಅವಳು ಎದ್ದು ಚಹಾದ ಬಟ್ಟಲು ತೊಳೆಯಲು ಹೋದಳು. ನನಗೆ ಸಿಟ್ಟು ಬಂತು. ಮೂವತ್ತು ವರ್ಷದ ಗೆಳೆತನಕ್ಕೆ ಕರೆದಳೆಂದು ಬಂದರೆ, ಕರೆದದ್ದು ನನ್ನನ್ನಲ್ಲ, ನನ್ನ ಕೋಟನ್ನು. ಒಬ್ಬನ ಕುತ್ತಿಗೆಗಾಗಿ ಆರು ಊರಿನ ಆಟದ ನಿಯಮ ಬದಲಿಸಬೇಕೆನ್ನುವುದೂ ನನಗೆ ಸರಿಬೀಳಲಿಲ್ಲ. ಆದರೆ ತಟ್ಟೆಗೆ ಬಿದ್ದ ರೊಟ್ಟಿ ಕಣ್ಣ ಮುಂದೆಯೇ ಇತ್ತು. ಆ ಮನುಷ್ಯನನ್ನು ನಾನು ಗದರಿದ್ದೆ.

"ನೋಡದ ಆಟಕ್ಕ ನಾ ತೀರ್ಪು ಹೇಳಾಕಿ ಅಲ್ಲ," ಎಂದೆ. "ಮೊದಲ ಆಟ ತೋರಿಸು."

ಶನಿವಾರ, ಮೈದಾನ

ಗಾಳಿ ಚಳಿಚಳಿ. ನಾನು ಸೆರಗು ಹೊದ್ದು ಕುಳಿತಿದ್ದನ್ನು ನೋಡಿ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬಳು ತನ್ನ ಕಂಬಳಿಯ ಅರ್ಧವನ್ನು ನನ್ನ ಕಾಲ ಮೇಲೆ ಎಳೆದಳು. ಒಂದು ಮಾತಿಲ್ಲ, ಕಥೆಯಿಲ್ಲ. ಇವಳಿಗೇನು ಬೇಕಾಗಿದೆ ಎಂದು ಆಟದ ಅರ್ಧ ಭಾಗ ಕಾದೆ. ಅವಳಿಗೆ ಏನೂ ಬೇಕಾಗಿರಲಿಲ್ಲ.

ಇನ್ನೊಂದು ಬಾಜೂ ಬಂದು ಕುಳಿತವನಿಗೆ ಮಾತ್ರ ಬೇಕಾಗಿತ್ತು. ಅವನ ಹೆಸರು ರಸ್. ಪಕ್ಕದ ಊರಿನಲ್ಲಿ ಬೀಜದ ಅಂಗಡಿ, ಅಲ್ಲಿಯ ತಂಡದ ಕ್ಯಾಪ್ಟನ್. ಅವನ ತಂಡಕ್ಕೆ ಅಂದು ಆಟವಿರಲಿಲ್ಲ. ಭಾರತದಿಂದ ಅಂತಾರಾಷ್ಟ್ರೀಯ ಅಂಪೈರ್ ಬಂದಿದ್ದಾರೆಂದು ಸುಮಂಗಲಾ ಊರೆಲ್ಲ ಹೇಳಿಟ್ಟಿದ್ದಳು. ಧಾರವಾಡ ಜಿಲ್ಲೆ ಬಿಟ್ಟರೆ ಬೆಳಗಾವಿಯಲ್ಲಷ್ಟೇ ಊದಿದ ಸೀಟಿ ನನ್ನದು. ಸಾಗರ ದಾಟಿದ ಕೂಡಲೇ ಅಂತಾರಾಷ್ಟ್ರೀಯವಾಗಿತ್ತು.

"ಮಂದಿ ಕುತ್ತಿಗಿ ಮುರಿಯೂ ಆಟರಿ ಇದು," ಎಂದ ರಸ್. "ನನಗ ಬ್ಯಾರೇ ಏನೂ ಇಲ್ಲ. ಹುಡುಗರು ಸುರಕ್ಷಿತ ಇದ್ರ ಸಾಕು. ಸಭಾದಾಗ ನೀವು ಇದ್ದದ್ದು ಇದ್ದಂಗ ಹೇಳ್ರಿ."

"ನಿಮ್ಮ ತಂಡದವ್ರೂ ಹಂಗ ನೂಕಬಹುದಲ್ರಿ?"

"ನೂಕಿ ನೋಡಿದ್ವಿ. ನಮಗ ಬರಲಿಲ್ಲ."

ಅಷ್ಟರಲ್ಲಿ ಬೇರೆ ಯಾವುದೋ ಓಟದಲ್ಲಿ ಒಬ್ಬನ ಕಾಲು ಉಳುಕಿ, ಇಬ್ಬರು ಹೆಗಲು ಕೊಟ್ಟು ನಮ್ಮ ಮುಂದೆಯೇ ಅವನನ್ನು ಕರೆದೊಯ್ದರು. ಕಂಬಳಿಯ ಹೆಂಗಸು ಎದ್ದು ನಿಂತಳು. ಸುರಕ್ಷತೆಯ ಚಿಂತೆಯವನು ಅಂಕದ ಫಲಕ ನೋಡುತ್ತ ಹುರಿದ ಜೋಳ ತಿನ್ನುತ್ತಿದ್ದ. ಇವನ ಮಾತನ್ನು ಎಷ್ಟು ನಂಬಬೇಕೆಂದು ನನಗೆ ಗೊತ್ತಾಯಿತು.

ಕೊನೆಗೆ ಆ ಒಂದು ಗಜ ಬಂತು. ಡ್ಯಾನ್ ಬಗ್ಗಿ ನಿಂತ. ಚೆಂಡು ಹಿಡಿಯುವವನ ಹಿಂದೆ ಇಬ್ಬರು ಅಣ್ಣತಮ್ಮಂದಿರು. ದೊಡ್ಡವನ ಹೆಸರು ಕೋಡಿ, ಡ್ಯಾನ್‌ನ ಜೊತೆಗೇ ಗೋದಾಮಿನಲ್ಲಿ ಕೆಲಸ ಮಾಡುವವನು. ಕುಳಿತ ಜನರೆಲ್ಲ ಎದ್ದು ಒಂದೇ ದನಿಯಲ್ಲಿ ನೂಕು ನೂಕು ಎನ್ನತೊಡಗಿದರು. ಮುಂದಿನ ಸಾಲಿನ ಅಜ್ಜಿಯೊಬ್ಬಳು ತನ್ನ ಮುಂದಿನವನ ಬೆನ್ನಿಗೆ ಎರಡೂ ಕೈಯಿಟ್ಟು ನೂಕುತ್ತಿದ್ದಳು. ಚೆಂಡು ಹೋಯಿತು, ಮೈಗಳು ಬಡಿದವು, ಎಲ್ಲರೂ ಒಂದು ಗುಡ್ಡೆಯಾದರು. ಗುಡ್ಡೆ ಒಂದು ಮೊಳ ಸರಿಯಿತು, ಇನ್ನೊಂದು ಮೊಳ ಸರಿಯಿತು, ಆಮೇಲೆ ಸೀಟಿ.

ನಾನು ಅಭ್ಯಾಸದಂತೆ ಕಾಲುಗಳನ್ನೇ ನೋಡಿದ್ದೆ. ಯಾರೂ ಮೊದಲೇ ಗೆರೆ ದಾಟಲಿಲ್ಲ. ಯಾರೂ ಕಾಲು ಕೊಟ್ಟು ಬೀಳಿಸಲಿಲ್ಲ. ಕಬಡ್ಡಿಯಲ್ಲಿ ಒಳಗೆ ಬಂದವನನ್ನು ಹಿಡಿಯಬಹುದು, ಬೇಕೆಂದು ಗೆರೆಯಾಚೆ ನೂಕುವಂತಿಲ್ಲ. ಅದು ನಮ್ಮ ನಿಯಮ. ಇವರ ನಿಯಮದಲ್ಲಿ ನೂಕಬಹುದು, ಇವರು ನೂಕಿದರು. ನೋಡಲು ಚೆಂದವಿಲ್ಲ, ಎಮ್ಮೆಗಳು ಒಂದೇ ಗೋದಲಿಗೆ ನುಗ್ಗಿದ ಹಾಗೆ. ಆದರೆ ಮೋಸ ಎನ್ನಲು ನನಗೆ ಒಂದೂ ಕಾರಣ ಸಿಗಲಿಲ್ಲ. ಗೆಳತಿಗೆ ಇದನ್ನು ಹೇಗೆ ಹೇಳಲಿ?

ಗುಡ್ಡೆ ಒಬ್ಬೊಬ್ಬರಾಗಿ ಬಿಚ್ಚಿಕೊಂಡಿತು. ಎಲ್ಲರೂ ಚೆಂಡಿನವನ ಬೆನ್ನು ತಟ್ಟಿದರು. ಎಲ್ಲರಿಗಿಂತ ಕೆಳಗಿದ್ದ ಡ್ಯಾನ್ ಕೊನೆಗೆ ಎದ್ದ, ಮೊದಲು ಮೊಣಕಾಲು, ಆಮೇಲೆ ಎಡ ಅಂಗೈ, ಆಮೇಲೆ ಮೈ. ನನ್ನ ಹಿಂದಿನ ಸಾಲಿನಲ್ಲಿ ಆಟದುದ್ದಕ್ಕೂ ಕುಳಿತೇ ಇದ್ದ ಸುಮಂಗಲಾ, ಅವನು ಎದ್ದ ಮೇಲೆಯೇ ತಾನೂ ಎದ್ದಳು.

ಭಾನುವಾರ, ಕುಂಬಳಕಾಯಿ ಅಂಗಡಿ

ಮರುದಿನ ಡ್ಯಾನ್ ನನ್ನನ್ನು ಊರ ಹೊರಗಿನ ರಸ್ತೆಗೆ ಕರೆದುಕೊಂಡು ಹೋದ. ಹೊಲದ ಬದುವಿನಲ್ಲಿ ಒಂದು ಮೇಜು, ಅದರ ಮೇಲೆ ಕುಂಬಳಕಾಯಿಗಳು, ಒಂದು ಡಬ್ಬಿ. ಮಾರುವವರು ಯಾರೂ ಇಲ್ಲ. ಬೇಕಾದವರು ಕಾಯಿ ತೆಗೆದುಕೊಂಡು ಡಬ್ಬಿಯಲ್ಲಿ ಹಣ ಹಾಕಿ ಹೋಗಬೇಕಂತೆ.

ನಾನು ಮರದ ಹಿಂದೆ ಹೋಗಿ ನೋಡಿದೆ. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಕ್ಯಾಮೆರಾ ಇರಬಹುದೆಂದು ಕಂಬ ನೋಡಿದೆ.

"ಯಾರೂ ಇಲ್ರಿ ಅಕ್ಕೋರ," ಡ್ಯಾನ್ ನಗುತ್ತಿದ್ದ.

"ಡಬ್ಬೀನ ಎತ್ತಿಕೊಂಡು ಹ್ವಾದ್ರ?"

"ಎತ್ತಿಕೊಂಡು ಎಲ್ಲಿ ಹೋಗ್ತಾರ? ಎಲ್ಲಾರೂ ಎಲ್ಲಾರಿಗೂ ಗೊತ್ತು."

ನಮ್ಮ ಅಣ್ಣಿಗೇರಿ ಸಂತೆಯಲ್ಲೂ ಎಲ್ಲರಿಗೂ ಎಲ್ಲರೂ ಗೊತ್ತು, ಆದರೂ ಬದನೆಕಾಯಿ ಬುಟ್ಟಿ ಬಿಟ್ಟು ಚಹಾಕ್ಕೆ ಹೋಗುವ ಧೈರ್ಯ ಯಾರಿಗಿದೆ? ನಾನು ಒಂದು ಕುಂಬಳಕಾಯಿ ಆರಿಸಿ, ಎರಡು ಸಲ ತಟ್ಟಿ ನೋಡಿ, ಹಣ ಹಾಕಿದೆ. ಹಾಕಿದ್ದನ್ನು ಯಾರೂ ನೋಡಲಿಲ್ಲವಲ್ಲ ಎಂದು ಬೇಸರವಾಯಿತು.

ಪಕ್ಕದಲ್ಲಿದ್ದ ಬೆಂಚಿನ ಮೇಲೆ ಕುಳಿತಾಗ ಡ್ಯಾನ್ ತಾನಾಗಿಯೇ ಕೇಳಿದ. "ಸುಮಿ ನಿಮಗ ಆ ಕೋಟು ತರಾಕ ಹೇಳಿದ್ದಕ್ಕ ಬಂದೀರಿ ಅಲ್ರಿ?"

ಇಂಥ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಹೌದೆಂದೆ.

"ಇಸ್ತ್ರಿ ಮಾಡಿ ತೂಗು ಹಾಕ್ಯಾಳ. ನನ್ನ ಅಂಗಿ ಅಕಿ ಎಂದೂ ಇಸ್ತ್ರಿ ಮಾಡಿಲ್ಲ." ನಕ್ಕ. ಆಮೇಲೆ ನಗು ನಿಂತಿತು. "ಅಕಿ ಹೆದರಿಕಿ ನನಗ ತಿಳೀತೈತ್ರಿ. ಕೈ ನಂದ ಅಲ್ಲೇನು?"

"ಮತ್ತ ಯಾಕ ಬಿಡವಲ್ರಿ?"

"ನಾ ಬಿಡ್ತೇನಿ ಅಂತ ಕೋಡಿಗೆ ಹೇಳಿದೆ ಅಂತ ತಿಳೀರಿ. ಅಂವ ಏನೂ ಅನ್ನೂದಿಲ್ಲ. ಸುಮ್ಮನ ಒಂಚೂರು ನಗ್ತಾನ. ಮುಂದಿನ ವಾರ ನನ್ನ ಜಾಗಾದಾಗ ಇನ್ನೊಬ್ಬ ಬಗ್ಗಿರ್ತಾನ. ಗೋದಾಮಿನ್ಯಾಗ ಚೀಲ ಎತ್ತೂ ಮುಂದ ಎಲ್ಲಾರೂ ನನಗ ಹಗುರನ್ನ ಚೀಲ ಹುಡುಕಿ ಕೊಡ್ತಾರ. ಅದು ನನ್ನ ಕೈಲೆ ಆಗೂದಿಲ್ರಿ ಅಕ್ಕೋರ. ಪೆಟ್ಟು ತಡೀತೇನಿ, ಅದನ್ನ ತಡಿಯೂದಿಲ್ಲ."

ಅವನ ಬಗ್ಗೆ ನನಗೆ ಮರುಕ ಹುಟ್ಟಿತು, ಅದರ ಹಿಂದೆಯೇ ಸಿಟ್ಟೂ ಬಂತು. ಗಂಡಸರ ಈ ರೋಗಕ್ಕೆ ಮೊರಬದಲ್ಲೂ ಮದ್ದಿಲ್ಲ, ಇಲಿನಾಯ್‌ನಲ್ಲೂ ಇಲ್ಲ. ಎಲುಬು ಮುರಿದುಕೊಂಡಾರು, ಆಗುವುದಿಲ್ಲ ಎಂಬ ಒಂದು ಮಾತನ್ನು ಬಾಯಿಂದ ಹೊರಗೆ ಹಾಕಲಾರರು.

"ಸಭಾದಾಗ ನಾ ಏನ್ ಹೇಳ್ಲಿ?" ಎಂದೆ.

"ಕೈ ವಿಷಯ ಬಿಟ್ಟು, ನೋಡಿದ್ದು ಹೇಳ್ರಿ."

ಸುಮಂಗಲಾ, ರಸ್, ಡ್ಯಾನ್ ಮೂವರೂ ನನ್ನಿಂದ ಬಯಸಿದ್ದು ಸತ್ಯವನ್ನೇ. ಮೂವರಿಗೂ ಒಂದೇ ಸತ್ಯ ಬೇಕೆಂದರೆ ಅದರಲ್ಲಿ ಏನೋ ಕಿತಾಪತಿ ಇರಲೇಬೇಕು ಎಂದುಕೊಂಡು ಕುಂಬಳಕಾಯಿ ಹೊತ್ತು ಮನೆಗೆ ಬಂದೆ.

ಮಂಗಳವಾರ, ಅಗ್ನಿಶಾಮಕ ಠಾಣೆ

ಸಭೆ ನಡೆದದ್ದು ಬೆಂಕಿ ಆರಿಸುವ ಗಾಡಿಗಳ ಠಾಣೆಯಲ್ಲಿ. ಕೆಂಪು ಗಾಡಿಯನ್ನು ಹೊರಗೆ ನಿಲ್ಲಿಸಿ ಅದರ ಜಾಗದಲ್ಲಿ ಕುರ್ಚಿ ಹಾಕಿದ್ದರು. ಈಗ ಎಲ್ಲಿಯಾದರೂ ಬೆಂಕಿ ಬಿದ್ದರೆ ಏನು ಗತಿ ಎಂದು ಯಾರಿಗೂ ಚಿಂತೆ ಇದ್ದಂತೆ ಕಾಣಲಿಲ್ಲ. ಕಾರ್ಲಾ ಎಂಬ ವಯಸ್ಸಾದ ಹೆಂಗಸು ಅಧ್ಯಕ್ಷೆ. ಒಂದು ತಂಡಕ್ಕೆ ಒಂದು ಮತ, ಹಾಕುವವನು ಕ್ಯಾಪ್ಟನ್. ಸರಿಸಮ ಬಂದರೆ ಹಳೆಯ ನಿಯಮವೇ ಉಳಿಯುತ್ತದೆ ಎಂದು ಅವಳು ಮೊದಲೇ ಹೇಳಿದಳು.

ಡ್ಯಾನ್ ಮುಂದಿನ ಸಾಲಿನಲ್ಲಿ ಕುಳಿತ, ಅವನ ಹಿಂದೆ ಕೋಡಿ ಮತ್ತು ಅವನ ತಮ್ಮ. ಇಲ್ಲಿಯೂ ಹಿಂದೆಯೇ. ಸುಮಂಗಲಾ ನನ್ನ ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದಳು.

ನಾನು ಸೀರೆಯ ಮೇಲೆ ಕೋಟು ಹಾಕಿ ಎದ್ದು ನಿಂತೆ. ನನ್ನ ಇಂಗ್ಲಿಷು ಕುಂಟುತ್ತದೆ, ಆದರೆ ಹೇಳಬೇಕಾದ್ದನ್ನು ಹೇಳಿದೆ.

"ನಮ್ಮ ಕಡೇನೂ ಇಂಥಾದ ಕರೀ ಭೂಮಿ. ಮಳಿ ಆದ್ರ ಚಕ್ಕಡಿ ಹುಗೀತಾವ. ಹುಗಿದ್ರ ಹಾದಿ ಹಿಡದು ಹೊಂಟವ್ರೆಲ್ಲಾ ಬಂದು ಹಿಂದಿಂದ ನೂಕ್ತಾರ, ಗುರ್ತು ಇರ್ಲಿ ಬಿಡ್ಲಿ. ನೂಕದ ಹ್ವಾದವನ ಹೆಸರು ಕೆಡತೈತಿ. ಅದಕ್ಕ ನೂಕೂದು ತಪ್ಪು ಅಂತ ನಾ ಹೇಳಾಕಿ ಅಲ್ಲ. ನಿಮ್ಮ ಆಟದಾಗ ಮೋಸಾನೂ ನನಗ ಕಾಣಲಿಲ್ಲ." ಸುಮಂಗಲಾ ನನ್ನ ಕೋಟಿನ ಅಂಚು ಜಗ್ಗಿದಳು. "ಆದ್ರ ಎತ್ತು ಮೊಣಕಾಲೂರಿ ಬಿತ್ತು ಅಂದ್ರ ನಮ್ಮಲ್ಲಿ ಒಬ್ಬನೂ ನೂಕೂದಿಲ್ಲ. ಮೊದಲ ನೊಗಾ ಬಿಚ್ಚತಾರ. ಬಿದ್ದ ಎತ್ತಿನ ಮ್ಯಾಲ ಗಾಡಿ ನೂಕಿದ್ರ ಕುತ್ತಿಗಿ ಮುರೀತೈತಿ. ನಿಮ್ಮಲ್ಲಿ ಎಲ್ಲಾರ ಕಣ್ಣೂ ಚೆಂಡಿನ ಮ್ಯಾಲ. ಎತ್ತು ನಿಂತೈತೋ ಬಿದ್ದೈತೋ ನೋಡಾವ್ರು ನನಗ ಯಾರೂ ಕಾಣಲಿಲ್ಲ."

ಕುಳಿತೆ. ನೂಕುವುದು ತಪ್ಪಲ್ಲ ಎಂದರಲ್ಲ ಎಂದು ಕೋಡಿ ಚಪ್ಪಾಳೆ ತಟ್ಟಿದ. ಬಿದ್ದವನ ಮೇಲೆ ನೂಕಬಾರದು ಎಂದರಲ್ಲ ಎಂದು ರಸ್ ಚಪ್ಪಾಳೆ ತಟ್ಟಿದ. ಎರಡೂ ಕಡೆಯವರು ನನ್ನನ್ನು ತಮ್ಮವಳೆಂದುಕೊಂಡರು, ಸುಮಂಗಲಾ ಒಬ್ಬಳು ನನ್ನ ಕಡೆ ನೋಡಲಿಲ್ಲ. ನಡುವಿನ ಆಳನ್ನು ನೋಡಲೆಂದೇ ಇನ್ನೊಬ್ಬ ಅಂಪೈರ್ ಇಡಬಹುದಲ್ಲ ಎಂದು ಯಾರೋ ಕೇಳಿದರು. ಈಗಿರುವ ಅಂಪೈರುಗಳನ್ನೇ ಕೈಕಾಲು ಹಿಡಿದು ಕರೆತರುತ್ತೇವೆ, ಇನ್ನೊಬ್ಬನನ್ನು ಎಲ್ಲಿಂದ ತರುವುದು ಎಂದಳು ಕಾರ್ಲಾ. ಉಳಿದದ್ದು ಮತವೊಂದೇ.

ನಿಷೇಧ ಬೇಕೆನ್ನುವವರು ಕೈ ಎತ್ತಿ ಎಂದಳು. ರಸ್ ಮತ್ತು ಇನ್ನಿಬ್ಬರು ಎತ್ತಿದರು. ಮೂರು.

ಬೇಡವೆನ್ನುವವರು ಎಂದಳು. ಆ ಬದಿಯಲ್ಲಿ ಇಬ್ಬರು ಥಟ್ಟನೆ ಎತ್ತಿದರು. ಡ್ಯಾನ್ ಎತ್ತಿದರೆ ಸಮ, ನೂಕಾಟ ಉಳಿಯುತ್ತದೆ. ಕೋಡಿ ಆಗಲೇ ನಗುತ್ತಿದ್ದ.

ಡ್ಯಾನ್ ಬಲಗೈ ಎತ್ತಿದ. ಅದು ಎದೆಯ ಮಟ್ಟಕ್ಕೆ ಬಂದು ಅಲ್ಲಿಯೇ ನಿಂತಿತು. ಅವನ ಹಣೆಯ ಮೇಲೆ ನರ ಎದ್ದಿತ್ತು, ಕೈ ಮಾತ್ರ ಮೇಲೆ ಹೋಗಲಿಲ್ಲ. ಕಾರ್ಲಾ ಕನ್ನಡಕ ಸರಿಮಾಡಿಕೊಂಡಳು.

"ಡ್ಯಾನ್, ಕೈ ಎತ್ತೀಯೋ ಇಲ್ಲೋ?"

ಹಿಂದೆ ಕುಳಿತ ಕೋಡಿ ರೂಢಿಯಂತೆ ಮುಂದೆ ಬಾಗಿ, ಅವನ ಮೊಣಕೈ ಕೆಳಗೆ ಅಂಗೈಯಿಟ್ಟು ಮೇಲಕ್ಕೆ ನೂಕಿದ. ಡ್ಯಾನ್‌ನ ಬಾಯಿಂದ ಒಂದು ಸಣ್ಣ ಸದ್ದು ಬಂತು. ಕೋಡಿಯ ನಗು ಅಳಿಸಿಹೋಯಿತು.

"ಬಿಡು," ಎಂದ ಡ್ಯಾನ್.

ಕೋಡಿ ಬಿಟ್ಟ. ಕೈ ತೊಡೆಯ ಮೇಲೆ ಬಿತ್ತು.

"ಯಾವಾಗಿಂದ?" ಕೋಡಿ ಮೆಲ್ಲಗೆ ಕೇಳಿದ. ಡ್ಯಾನ್ ಎಡಗೈಯಿಂದ ಆ ಕೈಯನ್ನು ಮುಚ್ಚಿಕೊಂಡ.

"ಎಣಿಸ್ಲೇನು ಡ್ಯಾನ್?" ಕಾರ್ಲಾ ಕೇಳಿದಳು.

"ಬ್ಯಾಡ್ರಿ."

ಮೂರಕ್ಕೆ ಎರಡು. ಆ ಲೀಗಿನಲ್ಲಿ ಆ ನೂಕಾಟ ಅಂದಿಗೆ ನಿಷಿದ್ಧವಾಯಿತು. ಗೆದ್ದ ರಸ್ ನಗುತ್ತಾನೆಂದು ನಾನು ಕಾದೆ. ಅವನು ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಕೋಡಿಯೂ ನಗಲಿಲ್ಲ. ಕುರ್ಚಿಯ ಮೇಲಿದ್ದ ಡ್ಯಾನ್‌ನ ಜಾಕೆಟ್ ತೆಗೆದು, ಮೊದಲು ಆ ಬಲಗೈಯನ್ನು ತೋಳಿನೊಳಗೆ ಮೆಲ್ಲಗೆ ತೂರಿಸಿ, ಆಮೇಲೆ ಎಡಗೈ ತೂರಿಸಿ, ಗುಂಡಿ ಕೂಡ ಹಾಕಿದ. ಡ್ಯಾನ್ ಬೇಡವೆನ್ನಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಕೋಟಿನ ತೋಳಿನಿಂದ ಒರೆಸಿಕೊಂಡೆ.

ಶಿಕಾಗೋ ದಾರಿ

ಹೊರಡುವ ದಿನ ಸುಮಂಗಲಾ ಕಾರು ನಡೆಸುತ್ತಿದ್ದಳು, ಡ್ಯಾನ್ ಅವಳ ಬಾಜೂ, ನಾನು ಹಿಂದೆ. ಡ್ಯಾನ್‌ನ ಕುತ್ತಿಗೆಗೆ ಮುಂದಿನ ವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಅವಳು ಬಹಳ ದಿನಗಳ ಮೇಲೆ ಹಾಡು ಗುನುಗುತ್ತಿದ್ದಳು.

"ನೀ ಹೇಳಿದ್ದು ಯಾವ ಕಡಿಗೂ ಹತ್ತಲಿಲ್ಲ ನೋಡ ಗಂಗೀ," ಎಂದಳು. ಸಿಟ್ಟು ಇಳಿದಿತ್ತು. "ಅಷ್ಟು ದೂರದಿಂದ ಕರಸಿದೆ. ಕಡೀಕ ಕೆಲಸಾ ಮಾಡಿದ್ದು ಅಂವನ ಕೈ."

"ಅಂಪೈರ್ ಯಾರ ಕಡಿಗೂ ಹತ್ತಬಾರದು."

"ಆತ್ ಬಿಡವ್ವಾ."

ನನಗೆ ಆ ಸಭೆಯಿಂದಲೂ ಒಂದು ಹುಳ ತಲೆ ಕೊರೆಯುತ್ತಿತ್ತು. ಕೇಳಬಾರದೆಂದು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕೇಳದೆ ವಿಮಾನ ಹತ್ತಿದರೆ ಮೊರಬದವರೆಗೆ ನಿದ್ದೆ ಬರುವುದಿಲ್ಲವೆಂದು ಗೊತ್ತಿತ್ತು.

"ಡ್ಯಾನ್ ಅವರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಬಲಗೈ ಆಗೂದಿಲ್ಲಂತ ನಿಮಗ ಗೊತ್ತಿತ್ತು. ಎಡಗೈ ನೆಟ್ಟಗೈತಿ. ಅವತ್ತು ಅದನ್ಯಾಕ ಎತ್ತಲಿಲ್ಲ?"

ಗುನುಗು ನಿಂತಿತು. ಡ್ಯಾನ್ ಕಿಟಕಿಯ ಹೊರಗೆ ಕಟಾವಾದ ಹೊಲಗಳನ್ನು ನೋಡುತ್ತಿದ್ದ. ಕುತ್ತಿಗೆ ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದ.

"ಎತ್ತಿದ್ರ ನಾ ಗೆಲ್ತಿದ್ದೆರಿ ಅಕ್ಕೋರ," ಎಂದ. "ಗೆದ್ದಿದ್ರ ಮತ್ತ ಬಗ್ಗಬೇಕಾಗ್ತಿತ್ತು."

ಸುಮಂಗಲಾ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.